ಬಿದ್ದವರನ್ನು ಎತ್ತಿದವರಿಗೆ ಕಾನೂನು ಕೊಟ್ಟಿದ್ದೇನು?

ಮದ್ದೂರಿನಿಂದ ಶ್ರೀರಂಗಪಟ್ಟಣದವರೆಗೆ ಯಾವ ಟೀ ಅಂಗಡಿಯಲ್ಲಾದರೂ ಕೂತು ಅಪಘಾತದ ಮಾತು ತೆಗೆಯಿರಿ, ಒಂದು ಮಾತು ಬಂದೇ ಬರುತ್ತದೆ: "ಎತ್ತೋದೇನೋ ಎತ್ತುಬುಡಬಹುದು ಸಾ, ಆಮೇಲೆ ಕೋರ್ಟು ಕಚೇರಿ ಅಂತ ಅಲಿಯೋರ್ಯಾರು?" ಈ ಅಂಜಿಕೆಗೆ ಉತ್ತರವಾಗಿ ಹತ್ತು ವರ್ಷಗಳಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದಿದೆ, ರಾಜ್ಯದ ಕಾಯ್ದೆ ಬಂದಿದೆ, ಕೇಂದ್ರದ ತಿದ್ದುಪಡಿ, ನಗದು ಬಹುಮಾನ, ಉಚಿತ ಚಿಕಿತ್ಸೆ ಎಲ್ಲವೂ ಬಂದಿವೆ. ಇಷ್ಟಿದ್ದೂ ಅಂಜಿಕೆ ಹೋಗಿಲ್ಲ. ಯಾಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1837ರಲ್ಲಿ ದಂಡ ಸಂಹಿತೆಯ ಕರಡು ಸಿದ್ಧಪಡಿಸುವಾಗಲೇ ಬ್ರಿಟಿಷ್ ಭಾರತದ ಕಾನೂನು ಆಯೋಗದ ಮುಖ್ಯಸ್ಥ ಮೆಕಾಲೆಗೆ ಈ ಪ್ರಶ್ನೆ ಎದುರಾಗಿತ್ತು. ಕಷ್ಟದಲ್ಲಿದ್ದವನಿಗೆ ನೆರವಾಗದವನನ್ನು ಶಿಕ್ಷಿಸಬೇಕೆ? ಜನ ಕೇಡು ಮಾಡದಂತೆ ತಡೆಯುವುದಷ್ಟೇ ಕಾನೂನಿನ ಕೆಲಸ, ಒಳಿತು ಮಾಡಿಸುವುದನ್ನು ಧರ್ಮ ಬೋಧಕರಿಗೂ ಲೋಕದ ಅಭಿಪ್ರಾಯಕ್ಕೂ ಬಿಡಬೇಕು ಎಂದು ಆತ ತೀರ್ಮಾನಿಸಿದ. 1860ರ ಭಾರತೀಯ ದಂಡ ಸಂಹಿತೆ (ಐಪಿಸಿ) ಅದೇ ಜಾಡು ಹಿಡಿಯಿತು. ಆದರೆ ನೆರವಿಗೆ ಮುಂದಾದವನನ್ನು ಅದು ಕೈಬಿಡಲಿಲ್ಲ. 92ನೇ ಕಲಂನಲ್ಲಿ ಒಂದು ಉದಾಹರಣೆಯಿದೆ. ಹುಲಿ ಒಬ್ಬನನ್ನು ಎಳೆದೊಯ್ಯುತ್ತಿದೆ. ಗುಂಡು ಅವನಿಗೇ ತಗುಲೀತೆಂದು ಗೊತ್ತಿದ್ದೂ, ಅವನನ್ನು ಉಳಿಸಲೆಂದೇ ಇನ್ನೊಬ್ಬ ಹುಲಿಯತ್ತ ಗುಂಡು ಹಾರಿಸುತ್ತಾನೆ. ಗುಂಡು ತಗುಲಿ ಅವನ ಜೀವಕ್ಕೇ ಕುತ್ತಾದರೂ ಹಾರಿಸಿದವನದು ಅಪರಾಧವಲ್ಲ. ಹುಣಸೂರು, ಎಚ್.ಡಿ. ಕೋಟೆ ಕಡೆಯವರಿಗೆ ಇದು ಕಟ್ಟುಕತೆಯಂತೆ ಕಾಣದು. ಈಗಿನ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂನಲ್ಲೂ ಈ ರಕ್ಷಣೆ ಹಾಗೇ ಇದೆ.

ಫ್ರಾನ್ಸ್, ಜರ್ಮನಿಗಳಲ್ಲಿ ಅಪಾಯದಲ್ಲಿರುವವರಿಗೆ ಕೈಲಾದ ನೆರವು ಕೊಡದಿದ್ದರೆ ಅಪರಾಧ. ನಮ್ಮಲ್ಲಿ ದಾರಿಹೋಕನಿಗೆ ಅಂಥ ಕಟ್ಟುಪಾಡಿಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಆ ಹೊಣೆ ಹೊರಿಸುವುದು ಅಪಘಾತದಲ್ಲಿ ಸೇರಿಕೊಂಡ ವಾಹನದ ಚಾಲಕನ ಮೇಲೆ ಮಾತ್ರ.

ಅಂದರೆ ಎತ್ತಿದವನಿಗೂ ಶಿಕ್ಷೆಯಿಲ್ಲ, ಎತ್ತದೆ ಹೋದವನಿಗೂ ಶಿಕ್ಷೆಯಿಲ್ಲ. ಹಾಗಿದ್ದರೆ ಈ ಭಯ ಹುಟ್ಟಿದ್ದು ಎಲ್ಲಿ? ಪುಸ್ತಕದಲ್ಲಲ್ಲ, ಆಸ್ಪತ್ರೆಯ ಕ್ಯಾಶುಯಾಲಿಟಿಯ ಬಾಗಿಲಲ್ಲಿ. ಆಟೊದವನು ಗಾಯಾಳುವನ್ನು ಹೊತ್ತು ತಂದಿರುತ್ತಾನೆ, ಅಂಗಿಯೆಲ್ಲ ರಕ್ತ. ಸ್ಟ್ರೆಚರ್‌ಗಿಂತ ಮುಂಚೆ ಪ್ರಶ್ನೆ ಬರುತ್ತದೆ: ನೀವು ಪೇಷೆಂಟ್‌ಗೆ ಏನಾಗಬೇಕು? ಏನೂ ಆಗಬೇಕಿಲ್ಲ ಎಂದರೆ, ಇದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಕೇಸು, ಪೊಲೀಸರು ಬರುವವರೆಗೆ ಇರಿ. ಅಡ್ವಾನ್ಸ್ ಯಾರು ಕಟ್ಟುತ್ತಾರೆ? ಸಂಜೆ ಸ್ಟೇಷನ್, ಮರುದಿನ ಮಹಜರಿಗೆ ಸಹಿ, ಎರಡು ವರ್ಷ ಬಿಟ್ಟು ಸಾಕ್ಷಿ ಸಮನ್ಸ್. ಅವತ್ತು ದುಡಿದು ಅವತ್ತೇ ತಿನ್ನುವವನಿಗೆ ಇಷ್ಟು ದಿನಗಳ ಕೂಲಿ ಸಣ್ಣದಲ್ಲ. ಅವನು ಮುಂದಿನ ಸಲ ನಿಲ್ಲದೆ ಹೋದರೆ ಅದನ್ನು ಕಲ್ಲೆದೆ ಎನ್ನಲು ನನಗೆ ಬಾಯಿ ಬಾರದು.

ಈ ಬಾಗಿಲನ್ನು ಮೊದಲು ತಟ್ಟಿದ್ದು 1989ರ ಪರಮಾನಂದ ಕಟಾರ ಪ್ರಕರಣ. ಗಾಯಗೊಂಡ ಸ್ಕೂಟರ್ ಸವಾರನನ್ನು ಒಂದು ಆಸ್ಪತ್ರೆ ಸೇರಿಸಿಕೊಳ್ಳದೆ ಇಪ್ಪತ್ತು ಕಿಲೋಮೀಟರ್ ಆಚೆಗೆ ಕಳುಹಿಸಿತ್ತು, ಆತ ದಾರಿಯಲ್ಲೇ ಪ್ರಾಣಬಿಟ್ಟಿದ್ದ. ಮೊದಲು ಜೀವ, ಆಮೇಲೆ ಕಾಗದಪತ್ರ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದು ವೈದ್ಯರಿಗೆ ಹೇಳಿದ ಮಾತು. ಕರೆತಂದವನ ಸರದಿ ಬರಲು ಇನ್ನೂ 27 ವರ್ಷ ಬೇಕಾಯಿತು. ರಸ್ತೆ ಸುರಕ್ಷತೆಗೆ ದುಡಿಯುವ ಸೇವ್‌ಲೈಫ್ ಫೌಂಡೇಶನ್ ಹೂಡಿದ್ದ ಅರ್ಜಿಯಲ್ಲಿ 2016ರ ಮಾರ್ಚ್ 30ರಂದು ಬಂದ ಆದೇಶ ಕೇಂದ್ರದ ಮಾರ್ಗಸೂಚಿಗೆ ದೇಶದೆಲ್ಲೆಡೆ ಬಲ ಕೊಟ್ಟಿತು. ಹೆಸರು, ವಿಳಾಸ ಹೇಳದೆ ಹೋಗಬಹುದು. ತಾನಾಗಿ ಸಾಕ್ಷಿಯಾಗಲು ಒಪ್ಪಿದರೆ ವಿಚಾರಣೆ ಒಂದೇ ಸಲ. ಆಸ್ಪತ್ರೆ ಅವನ ಬಳಿ ಹಣ ಕೇಳುವಂತಿಲ್ಲ, ಇದನ್ನೆಲ್ಲ ಬಾಗಿಲಲ್ಲೇ ಸ್ಥಳೀಯ ಭಾಷೆಯಲ್ಲಿ ಬರೆದು ಹಾಕಬೇಕು.

ಕರ್ನಾಟಕದಲ್ಲಿ ಆ ವರ್ಷ ಈ ವಿಷಯ ಹಸಿಗಾಯವಾಗಿತ್ತು. ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಯುವಕ ಸಾಯುವ ಹೊತ್ತಿನಲ್ಲಿ ತನ್ನ ಅಂಗಾಂಗ ದಾನ ಮಾಡಿ ಎಂದಿದ್ದ. ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಕೊಡುವ ಸಾಂತ್ವನ-ಹರೀಶ್ ಯೋಜನೆಗೆ ಅವನ ಹೆಸರೇ ಇದೆ. ಮರುವರ್ಷ ಜನವರಿ ಕೊನೆಯಲ್ಲಿ ನಮ್ಮ ಮೈಸೂರಿನಲ್ಲೇ ಪೊಲೀಸ್ ಇನ್‌ಸ್ಪೆಕ್ಟರ್ ಒಬ್ಬರು ನಜ್ಜುಗುಜ್ಜಾದ ಜೀಪಿನಲ್ಲಿ ಸಿಕ್ಕಿಕೊಂಡಿದ್ದಾಗ ಸುತ್ತ ನಿಂತವರು ಫೋಟೊ ತೆಗೆಯುತ್ತಿದ್ದರು ಎಂಬ ಸುದ್ದಿ ಊರನ್ನೇ ನಾಚಿಸಿತು. ಪರೋಪಕಾರಿಗಳಿಗೂ ವೈದ್ಯರಿಗೂ ರಕ್ಷಣೆ ಕೊಡುವ ರಾಜ್ಯದ 2016ರ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2018ರಲ್ಲಿ. ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಕೋರ್ಟಿಗೋ ಸ್ಟೇಷನ್ನಿಗೋ ಹೋಗಲೇಬೇಕಾದರೆ ಆ ಖರ್ಚನ್ನು ಒಂದು ನಿಧಿಯಿಂದ ಕೊಡಬೇಕೆಂಬ ಮಾತೂ ಅದರಲ್ಲಿತ್ತು. ನನ್ನ ಮಟ್ಟಿಗೆ ಇಡೀ ಕಾಯ್ದೆಯ ಜೀವಾಳ ಅದೇ. ಜನರ ಕಣ್ಣಿಗೆ ಅತಿ ಕಡಿಮೆ ಬಿದ್ದದ್ದೂ ಅದೇ.

ಅದೇ 2018ರ ನವೆಂಬರ್ 24, ಶನಿವಾರ ಮಧ್ಯಾಹ್ನ. ವದೇಸಮುದ್ರದಿಂದ ಮಂಡ್ಯಕ್ಕೆ ಹೊರಟಿದ್ದ ಖಾಸಗಿ ಬಸ್ಸು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿತ್ತು. ನಾಲೆಗೆ ತಡೆಗೋಡೆ ಇರಲಿಲ್ಲ. ಬಸ್ಸಿನಲ್ಲಿ ಶಾಲೆ ಮುಗಿಸಿ ಬರುತ್ತಿದ್ದ ಮಕ್ಕಳಿದ್ದರು. ಮೊದಲು ಓಡಿಬಂದದ್ದು ಸುತ್ತಲಿನ ಹೊಲಗದ್ದೆಯ ಜನ. ಹಗ್ಗ ತಂದರು, ನೀರಿಗಿಳಿದರು, ಸಿಕ್ಕವರನ್ನು ದಡಕ್ಕೆ ಎಳೆದರು. 30 ಜನ ಉಳಿಯಲಿಲ್ಲ. ಅದೇ ರಾತ್ರಿ ಅಂಬರೀಶ್ ಕೂಡ ತೀರಿಕೊಂಡರು, ಮಂಡ್ಯ ಎರಡೆರಡು ಸಾವಿನ ಮನೆಯಾಯಿತು. ನಾಲೆಗೆ ಇಳಿದವರಲ್ಲಿ ಹೊಸ ಕಾಯ್ದೆ ಓದಿಕೊಂಡವರು ಯಾರೂ ಇದ್ದಿರಲಾರರು. ನೆರವಾಗುವ ಗುಣವನ್ನು ಜನರಲ್ಲಿ ಬಿತ್ತಬೇಕು ಎನ್ನುವ ಭಾಷಣ ಕೇಳಿದಾಗಲೆಲ್ಲ ನನಗೆ ಕನಗನಮರಡಿ ನೆನಪಾಗುತ್ತದೆ. ಗುಣಕ್ಕೇನೂ ಬರವಿಲ್ಲ, ಅದಕ್ಕೆ ತೆರಬೇಕಾದ ದಂಡ ತಪ್ಪಬೇಕು ಅಷ್ಟೆ.

ಗೋಜಲು ಹೆಚ್ಚಿದ್ದು ಆಮೇಲೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಯಾವ ಬಹುಮಾನ, ಪರಿಹಾರವನ್ನೂ ಬಯಸದೆ ತಾನಾಗಿ ನೆರವಾಗುವವನು ಎಂದು ಅದು ಪರೋಪಕಾರಿಯನ್ನು ಗುರುತಿಸಿತು. 2021ರ ಅಕ್ಟೋಬರ್‌ನಲ್ಲಿ ಕೇಂದ್ರವೇ, ಗೋಲ್ಡನ್ ಅವರ್, ಅಂದರೆ ಅಪಘಾತದ ನಂತರದ ಮೊದಲ ಒಂದು ಗಂಟೆಯೊಳಗೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ 5,000 ರೂಪಾಯಿ ಬಹುಮಾನ ಘೋಷಿಸಿತು. 2025ರಲ್ಲಿ ಅದು 25,000 ಆಯಿತು. ಹಣ ಕೊಡುವುದು ತಪ್ಪೆಂದು ನಾನು ಹೇಳುವುದಿಲ್ಲ, ಬಡವನಿಗೆ ಅದು ಆಸರೆಯೇ. ಆದರೆ ಆ ಹಣ ಬರಬೇಕಾದರೆ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಕೊಡಬೇಕು, ಪೊಲೀಸರ ಸ್ವೀಕೃತಿ ಪತ್ರ ಬೇಕು, ಜಿಲ್ಲಾ ಸಮಿತಿ ಒಪ್ಪಬೇಕು. ಯಾವ ಬಾಗಿಲಿಗೆ ಹೋಗಬೇಕಿಲ್ಲ ಎಂದು ಒಂದು ಕಾನೂನು ಅಭಯ ಕೊಟ್ಟಿದೆಯೋ, ಇನ್ನೊಂದು ಯೋಜನೆ ಅಲ್ಲಿಗೇ ಕರೆಯುತ್ತದೆ.

ಇದರ ನಡುವೆ ರಸ್ತೆಯೇ ಬದಲಾಯಿತು. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು, ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ನಿಂತಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ಹಳೆಯ ರಸ್ತೆಯಲ್ಲಿ ಮೊದಲು ನಿಲ್ಲುತ್ತಿದ್ದವರು ಇವರೇ. ಅಂಗಡಿಯ ಮುಂದೆ ಆಗುತ್ತಿದ್ದ ಅಪಘಾತ ಈಗ ಬೇಲಿಯೊಳಗೆ ಆಗುತ್ತದೆ, ಪಕ್ಕದ ಗದ್ದೆಯಲ್ಲಿ ಶಬ್ದ ಕೇಳಿದವನು ತಂತಿ ದಾಟಬೇಕು. ಒಳಗಿರುವವರು ನೂರರ ವೇಗದಲ್ಲಿ ಸಾಗುತ್ತಿರುತ್ತಾರೆ, ಅವರು ನಿಲ್ಲಿಸುವುದೂ ಅಪಾಯ. ಅಲ್ಲಿಗೆ ಉಳಿಯುವುದು 108 ಆಂಬುಲೆನ್ಸ್ ಮತ್ತು ಹೆದ್ದಾರಿಯ ಸಹಾಯವಾಣಿ 1033.

2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆ ದೇಶದಲ್ಲಿ ಜಾರಿಯಾಗಿದೆ. ಅಡ್ವಾನ್ಸ್ ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆಗೆ ಇದು ನೇರ ಉತ್ತರ, ಬಹುಮಾನಕ್ಕಿಂತ ಇದರ ಮೇಲೆ ನನಗೆ ಹೆಚ್ಚು ಭರವಸೆ. ಇನ್ನು ಬೇಕಿರುವುದು ಚಿಲ್ಲರೆ ಕೆಲಸಗಳು. ಹೆದ್ದಾರಿ ಬೇಲಿಗೆ ಊರಿನವರು ತುರ್ತಿಗೆ ತೆರೆಯಬಹುದಾದ ಗೇಟು, ವಿ.ಸಿ. ನಾಲೆಯುದ್ದಕ್ಕೂ ತಡೆಗೋಡೆ, ಸಾಕ್ಷಿ ಹೇಳಲು ಬಂದವನಿಗೆ ಅವತ್ತಿನ ಕೂಲಿ ಅವತ್ತೇ ಕೈಗೆ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಿಂದ ಹಿಡಿದು ಮಳವಳ್ಳಿ, ನಾಗಮಂಗಲದ ತಾಲ್ಲೂಕು ಆಸ್ಪತ್ರೆಗಳವರೆಗೆ ಕ್ಯಾಶುಯಾಲಿಟಿಯ ಎದುರಿಗೇ, ದೊಡ್ಡ ಕನ್ನಡ ಅಕ್ಷರಗಳಲ್ಲಿ ಒಂದು ಬೋರ್ಡು: ಕರೆತಂದವರು ಹೆಸರು ಹೇಳಬೇಕಿಲ್ಲ, ಹಣ ಕಟ್ಟಬೇಕಿಲ್ಲ, ಹೋಗಬಹುದು.