ಸಾಂತಾ ಕ್ಲಾರಾ ಕೌಂಟಿ: ಹೊರಟವರ ಲೆಕ್ಕ, ಬಂದವರ ಲೆಕ್ಕ

ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೌಂಟಿವಾರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ವಲಸೆಯ ಅಂಕಿಅಂಶ ಪ್ರಕಟಿಸಿದಾಗಲೆಲ್ಲ, ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಿಂದ ಇಷ್ಟು ಕುಟುಂಬಗಳು ಹೊರಟವು, ಜೊತೆಗೆ ಇಷ್ಟು ಕೋಟಿ ಡಾಲರ್ ವರಮಾನವೂ ಹೋಯಿತು ಎಂಬ ಚರ್ಚೆ ಏಳುತ್ತದೆ. ಸ್ಯಾನ್ ಹೋಸೆ, ಸನ್ನಿವೇಲ್, ಕ್ಯುಪರ್ಟಿನೊ ಊರುಗಳಿರುವ ಈ ಕೌಂಟಿಯಲ್ಲಿ ಕನ್ನಡಿಗರ ಮನೆಗಳೂ ಬಹಳ ಇರುವುದರಿಂದ ಈ ಲೆಕ್ಕದ ಹಿನ್ನೆಲೆ ನಮಗೂ ಸಂಬಂಧಿಸಿದ್ದೇ.

1940ರಲ್ಲಿ ಸುಮಾರು ಒಂದೂಮುಕ್ಕಾಲು ಲಕ್ಷ ಜನರಿದ್ದ ಈ ಹಣ್ಣಿನ ತೋಟಗಳ ಕಣಿವೆ, ಚಿಪ್ ಉದ್ಯಮ ಬೆಳೆದಂತೆ 1970ರ ಹೊತ್ತಿಗೆ ಹತ್ತು ಲಕ್ಷ ದಾಟಿತು. 1965ರ ವಲಸೆ ಕಾಯ್ದೆ ಮತ್ತು ಪರಿಣತ ಉದ್ಯೋಗಿಗಳಿಗೆ ಕೊಡುವ 1990ರ ಎಚ್‌-1ಬಿ ವೀಸಾ ಭಾರತದ ಎಂಜಿನಿಯರುಗಳಿಗೆ ದಾರಿ ಮಾಡಿದವು. ಆದರೆ ಉದ್ಯೋಗ ಹೆಚ್ಚಿದ ವೇಗದಲ್ಲಿ ಮನೆಗಳು ಏಳಲಿಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ ‘ಪ್ರಪೊಸಿಷನ್ 13’ ಎಂಬ ಪ್ರಸ್ತಾವ ಆಸ್ತಿ ತೆರಿಗೆಯ ಮೂಲ ದರವನ್ನು ಶೇ 1ಕ್ಕೆ ಮಿತಿಗೊಳಿಸಿ, ಮನೆ ಕೈಬದಲಾಗುವವರೆಗೆ ತೆರಿಗೆಗೆ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರದಂತೆ ತಡೆಯಿತು. ವಯಸ್ಸಾದವರಿಗೆ ಇದು ಆಸರೆಯಾದದ್ದು ನಿಜ. ಹಾಗೆಯೇ, ಹಳಬರು ಮನೆ ಮಾರಲು ಹಿಂಜರಿಯುವುದಕ್ಕೂ, ಒಂದೇ ಬೀದಿಯ ಒಂದೇ ಅಳತೆಯ ಎರಡು ಮನೆಗಳ ತೆರಿಗೆಯಲ್ಲಿ ಹಲವು ಪಟ್ಟು ಅಂತರ ಬೀಳುವುದಕ್ಕೂ ಇದೇ ಕಾರಣವಾಯಿತು.

ಮನೆ ದುಬಾರಿಯೆಂದು ಹೊರಟವರೆಂದರೆ ಟೆಕ್ಸಾಸ್‌ನಂಥ ಬೇರೆ ರಾಜ್ಯಕ್ಕೆ ಹೋದವರು ಎಂಬ ಭಾವನೆಯಿದೆ, ಆದರೆ ಎಲ್ಲರೂ ಹಾಗಲ್ಲ. ಬಹಳಷ್ಟು ಕುಟುಂಬಗಳು ಆಲ್ಟಮಾಂಟ್ ಬೆಟ್ಟದಾಚೆ, ಸ್ಯಾನ್ ವಾಕೀನ್ ಕೌಂಟಿಯ ಟ್ರೇಸಿ, ಮೌಂಟನ್ ಹೌಸ್‌ಗಳಲ್ಲಿ ಮನೆ ಕೊಂಡು, ಕೆಲಸಕ್ಕೆ ಮಾತ್ರ ಹಳೆಯ ಕಚೇರಿಗೇ ಬಂದುಹೋಗುತ್ತವೆ. ದುಡಿಮೆ ಸಾಂತಾ ಕ್ಲಾರಾದಲ್ಲೇ ಉಳಿದಿದ್ದರೂ, ವಿಳಾಸ ಬದಲಾದ ಕಾರಣಕ್ಕೆ ಅವರ ಇಡೀ ವರಮಾನ ಹೊರಹೋದ ಖಾತೆಗೆ ಸೇರುತ್ತದೆ. 2020ರ ನಂತರ ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕಾಗ, ರಾಜ್ಯದ ಆದಾಯ ತೆರಿಗೆಯಿಲ್ಲದ, ಮನೆ ಅಗ್ಗವಾಗಿ ಸಿಗುವ ಟೆಕ್ಸಾಸ್ ಕಡೆಗಿನ ಹರಿವು ಹೆಚ್ಚಿತು. ಇದೇ ಕೌಂಟಿಯ ಪಾಲೊ ಆಲ್ಟೊದಲ್ಲಿದ್ದ ಟೆಸ್ಲಾದ ಕೇಂದ್ರ ಕಚೇರಿ 2021ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ಗೆ ಹೋಯಿತು.

ಇಲ್ಲಿ ಲೆಕ್ಕದ ವಿಧಾನವನ್ನೇ ತುಸು ನಿಧಾನವಾಗಿ ನೋಡಬೇಕು. ಐಆರ್‌ಎಸ್ ಸತತ ಎರಡು ವರ್ಷಗಳ ತೆರಿಗೆ ರಿಟರ್ನ್ಸ್‌ಗಳಲ್ಲಿನ ವಿಳಾಸಗಳನ್ನು ಹೋಲಿಸುತ್ತದೆ. ಒಂದು ರಿಟರ್ನ್ ಎಂದರೆ ಸ್ಥೂಲವಾಗಿ ಒಂದು ಕುಟುಂಬ. ಅದರಲ್ಲಿ ತೋರಿಸಿದ ವಾರ್ಷಿಕ ವರಮಾನವೇ ‘ಹೋದ ಹಣ’. ಅದು ಕುಟುಂಬ ಗಂಟು ಕಟ್ಟಿ ಒಯ್ದ ಹಣವಲ್ಲ. ಆ ವರ್ಷ ಮಾರಿದ ಷೇರುಗಳ ಲಾಭವೂ ಅದರಲ್ಲಿ ಸೇರಿರುತ್ತದೆ. ಬೆಂಗಳೂರಿನಿಂದ ನೇರವಾಗಿ ಸನ್ನಿವೇಲ್‌ಗೆ ಬಂದಿಳಿದ ಎಂಜಿನಿಯರಿಗೆ ಅಮೆರಿಕದಲ್ಲಿ ಹಿಂದಿನ ವರ್ಷದ ರಿಟರ್ನ್ ಇರುವುದಿಲ್ಲ, ಹೋಲಿಕೆಗೆ ಏನೂ ಸಿಗದೆ ಆತ ಒಳಬಂದವರ ಪಟ್ಟಿಗೇ ಸೇರುವುದಿಲ್ಲ. ನಾಲ್ಕಾರು ವರ್ಷಗಳ ನಂತರ ಅದೇ ವ್ಯಕ್ತಿ ಹೆಂಡತಿ ಮಕ್ಕಳೊಂದಿಗೆ ಆಸ್ಟಿನ್‌ಗೆ ಹೊರಟರೆ ಇಡೀ ಕುಟುಂಬ, ಇಡೀ ವರಮಾನ ನಷ್ಟದ ಬಾಬತ್ತಿಗೆ ಬೀಳುತ್ತದೆ. ಬಂದಾಗ ಆತ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹೊರದೇಶಗಳಿಂದಲೇ ಇಷ್ಟೊಂದು ಜನರನ್ನು ಪಡೆಯುವ ಕೌಂಟಿಗೆ ಇದು ಸಣ್ಣ ದೋಷವಲ್ಲ. ದೇಶದೊಳಗಿನ ವಲಸೆಯಲ್ಲಿ ಜನರನ್ನು ಕಳೆದುಕೊಳ್ಳುತ್ತಲೇ ಅದು 2010ರ 17.8 ಲಕ್ಷದಿಂದ 2020ರಲ್ಲಿ 19.36 ಲಕ್ಷಕ್ಕೆ ಬೆಳೆದಿದೆ.

ಡಾಲರ್ ಮೊತ್ತವನ್ನೇ ಮುಂದಿಡುವ ಚರ್ಚೆಯಲ್ಲಿ ಇನ್ನೊಂದು ವರ್ಗ ಮರೆಯಾಗುತ್ತದೆ. ಬಾಡಿಗೆ ಕಟ್ಟಲಾಗದೆ ಊರು ಬಿಡುವ ಶಾಲಾ ಶಿಕ್ಷಕಿಯ, ಬಸ್ ಚಾಲಕನ ವರಮಾನ ಒಟ್ಟು ಮೊತ್ತದಲ್ಲಿ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಅವರು ಬಿಟ್ಟ ಕೆಲಸಕ್ಕೆ, ಅದೇ ಸಂಬಳದಲ್ಲಿ, ಅದೇ ಬಾಡಿಗೆ ಕೊಟ್ಟು ಬಾಳಬಲ್ಲ ಇನ್ನೊಬ್ಬರನ್ನು ಹುಡುಕುವ ಹೊಣೆ ಮಾತ್ರ ಕೌಂಟಿಯ ಶಾಲೆ, ಸಾರಿಗೆಗಳ ಮೇಲೆ ಉಳಿಯುತ್ತದೆ.