ಎರಡು ಅಗ್ಗದ ಸೌಂಡ್ ಕಾರ್ಡ್ ಸೇರಿದರೆ ನಾಲ್ಕು ಚಾನೆಲ್ ಆಗುವುದೇ?

ಪ್ರಶ್ನೆ: ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಳಸಿ ಟೂ-ವೇ ಸ್ಪೀಕರ್ ಜೋಡಿಗೆ ಕಂಟ್ರೋಲರ್ ಕಟ್ಟುತ್ತಿದ್ದೇನೆ. ತಗ್ಗು ಸ್ವರ ನುಡಿಸುವ ವೂಫರ್‌ಗಳಿಗೆ ಒಂದು, ಏರು ಸ್ವರ ನುಡಿಸುವ ಟ್ವೀಟರ್‌ಗಳಿಗೆ ಒಂದು ಎಂದು ಎರಡು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದರೆ ಸಾಲದೇ?

ಸಾಲದು. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಬರುವ ಮರುಮಾತು ಒಂದೇ: ‘ಲಿನಕ್ಸ್‌ನಲ್ಲಿ ಸದ್ದು ನಿಭಾಯಿಸುವ ಅಲ್ಸಾದಲ್ಲಿ ಎರಡನ್ನೂ ಜೋಡಿಸಿದೆ, ನಾಲ್ಕು ಚಾನೆಲ್ ಕಾಣಿಸುತ್ತಿದೆ, ಸದ್ದೂ ಬರುತ್ತಿದೆಯಲ್ಲ?’ ಕಾಣಿಸುತ್ತದೆ, ಸದ್ದೂ ಬರುತ್ತದೆ. ಆದರೆ ಅಲ್ಸಾ ಒಂದು ಮಾಡುವುದು ಹೆಸರನ್ನು ಮಾತ್ರ, ಗಡಿಯಾರವನ್ನಲ್ಲ.

ಸಾಮಾನ್ಯವಾಗಿ ಪ್ರತಿ ಕಾರ್ಡಿನಲ್ಲೂ ಗಡಿಯಾರದಂತೆ ತಾಳ ಹಾಕುವ ಅದರದೇ ಹರಳು ಮಿಡಿಯುತ್ತಿರುತ್ತದೆ. ಎರಡರ ಮೇಲೂ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಎಂದು ಬರೆದಿದ್ದರೂ ಹರಳುಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ತೀರಾ ಮಾಮೂಲು. ಅಂದರೆ ಸೆಕೆಂಡಿಗೆ 2.4 ಸ್ಯಾಂಪಲ್ ಜಾರುತ್ತದೆ. ‘ಅಷ್ಟು ಸಣ್ಣದು ಕಿವಿಗೆ ಎಲ್ಲಿ ಗೊತ್ತಾಗುತ್ತದೆ?’ ಎನ್ನುವವರು ದಯವಿಟ್ಟು ಮುಂದಿನ ಲೆಕ್ಕ ನೋಡಿ. ಕ್ರಾಸ್‌ಓವರ್, ಅಂದರೆ ವೂಫರ್ ಬಿಟ್ಟು ಟ್ವೀಟರ್ ಹಿಡಿಯುವ ಗಡಿ, 2,000 ಹರ್ಟ್ಸ್‌ನಲ್ಲಿದ್ದರೆ ಅಲ್ಲಿ ಅರ್ಧ ಅಲೆ ಎಂದರೆ 12 ಸ್ಯಾಂಪಲ್. ಹಾಡು ಶುರುವಾದ ಐದೇ ಸೆಕೆಂಡಿಗೆ ವೂಫರ್ ಮುಂದೆ ತಳ್ಳುವಾಗ ಟ್ವೀಟರ್ ಹಿಂದಕ್ಕೆ ಎಳೆಯುತ್ತಿರುತ್ತದೆ. ಮತ್ತೆ ಐದು ಸೆಕೆಂಡಿಗೆ ಸರಿಹೋಗುತ್ತದೆ, ಮತ್ತೆ ಕೆಡುತ್ತದೆ. ಕೊನೆಗೆ ಒಂದು ಕಾರ್ಡಿನ ಬಫರ್ (ನುಡಿಸಲು ಕಾದಿಟ್ಟ ಸದ್ದಿನ ದಾಸ್ತಾನು) ಬರಿದಾಗಿ ‘ಟಕ್’ ಎಂದು ಸದ್ದು ಕಡಿಯುತ್ತದೆ.

ಹಾಗಾದರೆ ಎಡ ಸ್ಪೀಕರ್‌ಗೆ ಒಂದು ಕಾರ್ಡ್, ಬಲಕ್ಕೆ ಇನ್ನೊಂದು ಎನ್ನುವ ಜಾಣರೂ ಇದ್ದಾರೆ. ನಾನೇ ಇದನ್ನು ಹೆಡ್‌ಫೋನ್‌ನಲ್ಲಿ ಮಾಡಿ ನೋಡಿದ್ದೇನೆ: ಎಡಗಿವಿಗೆ ಒಂದು ಕಾರ್ಡ್, ಬಲಗಿವಿಗೆ ಮತ್ತೊಂದು, ಎರಡಕ್ಕೂ ಅದೇ ಟಿಕ್ ಟಿಕ್. ಮೊದಲು ಸದ್ದು ತಲೆಯ ನಡುವೆ ಇತ್ತು. ನಿಧಾನವಾಗಿ ಎಡಕ್ಕೆ ಸರಿಯಿತು, ಎಡಗಿವಿಗೇ ಅಂಟಿಕೊಂಡಿತು, ಆಮೇಲೆ ಎರಡು ಟಿಕ್ ಆಗಿ ಒಡೆಯಿತು. ನಂಬದವರು ಹತ್ತು ನಿಮಿಷ ಕೊಟ್ಟು ನೀವೇ ಕೇಳಿ.

ಕೆಲವು ಕಾರ್ಡುಗಳು ಕಂಪ್ಯೂಟರಿನ ಯುಎಸ್‌ಬಿ ತಾಳಕ್ಕೇ ಹೆಜ್ಜೆ ಹಾಕುತ್ತವೆ, ಅಡಾಪ್ಟಿವ್ ಎನ್ನುವ ಬಗೆ. ಅಂಥ ಎರಡು ಕಾರ್ಡುಗಳ ನಡುವೆ ಜಾರಾಟ ಇರುವುದಿಲ್ಲ ನಿಜ. ಆದರೆ ಎರಡೂ ಒಂದೇ ಕ್ಷಣಕ್ಕೆ ಹೊರಡುವ ಖಾತರಿಯಿಲ್ಲ. ವೂಫರ್, ಟ್ವೀಟರ್ ಸದ್ದು ಒಟ್ಟಿಗೆ ಕಿವಿ ಮುಟ್ಟಲೆಂದು ನೀವು ಅಳೆದು ಕೂರಿಸಿದ ಡಿಲೇ (ತಡ) ಮುಂದಿನ ಸಲ ಆನ್ ಮಾಡಿದಾಗ ಕೆಟ್ಟಿರಬಹುದು.

ಪರಿಹಾರ ದುಬಾರಿಯೇನಲ್ಲ. ಒಂದೇ ಚಿಪ್, ಒಂದೇ ಗಡಿಯಾರ ಇರುವ 7.1 ಯುಎಸ್‌ಬಿ ಕಾರ್ಡ್ ಕೊಳ್ಳಿ. ಸಿ-ಮೀಡಿಯಾದ ಸಿಎಂ6206 ಚಿಪ್ ಇರುವ ಕಾರ್ಡನ್ನು ಲಿನಕ್ಸ್ ಬೇರೆ ಡ್ರೈವರ್ ಇಲ್ಲದೆಯೇ ಗುರುತಿಸುತ್ತದೆ. 16 ಬಿಟ್, 48,000 ಹರ್ಟ್ಸ್, ಎಂಟು ಚಾನೆಲ್. ಕ್ರಾಸ್‌ಓವರ್, ಈಕ್ವಲೈಸರ್, ಡಿಲೇ ಎಲ್ಲವನ್ನೂ ಕ್ಯಾಮಿಲ್ಲಾಡಿಎಸ್‌ಪಿ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಅದು ಸದ್ದು ಕಳಿಸುವುದೂ ಒಂದೇ ಸಾಧನಕ್ಕೆ.

ಯಾರೂ ಕೇಳದಿದ್ದರೂ ಇನ್ನೊಂದು ವಿಷಯ ಹೇಳಲೇಬೇಕು: ಟ್ವೀಟರಿನ ಪ್ರಾಣ. ಆಂಪ್ಲಿಫೈಯರ್ ನೇರವಾಗಿ ಟ್ವೀಟರಿಗೆ ಸೇರಿದಾಗ, ಸೆಟ್ಟಿಂಗ್‌ನಲ್ಲಿ ಚಾನೆಲ್ ಸಂಖ್ಯೆಯೊಂದು ಅದಲುಬದಲಾದರೆ ಇಡೀ ಬಾಸ್ ಅದರೊಳಗೆ ನುಗ್ಗುತ್ತದೆ. 8 ಓಮ್ ಟ್ವೀಟರಿಗೆ ಸರಣಿಯಲ್ಲಿ 20 ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಹಾಕಿದರೆ ಸುಮಾರು 1,000 ಹರ್ಟ್ಸ್‌ನಿಂದ ಕೆಳಗಿನದು ತಗ್ಗುತ್ತಾ ಹೋಗುತ್ತದೆ. ಮೊದಲು ಅದನ್ನು ಬೆಸುಗೆ ಹಾಕಿ, ಆಮೇಲೆ ಮೈಕ್ ಇಟ್ಟು ಅಳೆದು ಫಿಲ್ಟರ್ ಹೊಂದಿಸಿ. ಆಗ ಕೆಪಾಸಿಟರಿನ ಪರಿಣಾಮವೂ ಅಳತೆಯೊಳಗೇ ಸೇರಿರುತ್ತದೆ.