ಮಧುಮೇಹಿ ಅತಿಥಿಗೆ ಎಲೆ ಹಾಕುವಾಗ

ನಮ್ಮ ಸೋದರಮಾವನವರಿಗೆ ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷಗಳಾದವು. ಅವರು ಎಲೆಕ್ಟ್ರಾನಿಕ್ ಸಿಟಿಯಿಂದ ಬಸವನಗುಡಿಯ ನಮ್ಮ ಮನೆಗೆ ಊಟಕ್ಕೆ ಬರುವ ದಿನ ನಾವು ಬಹುಕಾಲ ಮಾಡುತ್ತಿದ್ದ ಏರ್ಪಾಡೆಂದರೆ ಅವರ ಎಲೆಗೆ ಪಾಯಸ ಬಡಿಸದಿರುವುದು, ಕಾಫಿಗೆ ಸಕ್ಕರೆ ಹಾಕದಿರುವುದು, ಸಿಹಿ ತಪ್ಪಿಸಿದೆವಲ್ಲ ಎಂಬ ಸಂಕೋಚದಿಂದ ಇನ್ನೊಂದು ಸೌಟು ಬಿಸಿಬೇಳೆಬಾತನ್ನು ಒತ್ತಾಯ ಮಾಡಿ ಬಡಿಸುವುದು. ಪ್ರೀತಿಯಿಂದ ಮಾಡಿದ ಈ ಏರ್ಪಾಡಿನಲ್ಲಿ ದೊಡ್ಡ ತಪ್ಪೊಂದಿತ್ತು. ಅದನ್ನು ಇಂದಿಗೂ ಬೆಂಗಳೂರಿನ ಹಲವು ಮನೆಗಳಲ್ಲಿ ಕಾಣುತ್ತೇನೆ. ಸಕ್ಕರೆ ಕಾಯಿಲೆ ಎಂದೊಡನೆ ನಮ್ಮ ಕಣ್ಣು ಸಕ್ಕರೆಯ ಡಬ್ಬಿಯ ಕಡೆಗೆ ಹೋಗುತ್ತದೆ, ಅಕ್ಕಿಯ ಡಬ್ಬದ ಕಡೆಗೆ ಹೋಗುವುದೇ ಇಲ್ಲ.

ರೋಗಿಯ ಮೂತ್ರವು ಜೇನಿನಂತಿರುವುದನ್ನು ಗುರುತಿಸಿದ ನಮ್ಮ ಪ್ರಾಚೀನ ವೈದ್ಯರು ಅದಕ್ಕೆ ಮಧುಮೇಹ ಎಂಬ ಹೆಸರಿಟ್ಟರು. 1776ರಲ್ಲಿ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್ ಅಂಥ ಮೂತ್ರವನ್ನು ಕಾಯಿಸಿ ಇಂಗಿಸಿ, ತಳದಲ್ಲಿ ಉಳಿದದ್ದು ಸಕ್ಕರೆಯಂಥ ಪದಾರ್ಥವೆಂದೂ, ರೋಗಿಯ ರಕ್ತದಲ್ಲಿಯೂ ಸಿಹಿಯಿದೆಯೆಂದೂ ಪ್ರಕಟಿಸಿದರು. 1811ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಿರ್ಚಾಫ್ ಎಂಬ ರಸಾಯನಶಾಸ್ತ್ರಜ್ಞರು ಸಪ್ಪೆಯಾದ ಪಿಷ್ಟವನ್ನು (ಸ್ಟಾರ್ಚ್) ತೆಳು ಆಮ್ಲದೊಡನೆ ಕುದಿಸಿ ಸಿಹಿ ಪಾಕವನ್ನು ಪಡೆದರು. ನಾಲ್ಕು ವರ್ಷಗಳ ಬಳಿಕ, 1815ರಲ್ಲಿ, ಫ್ರಾನ್ಸಿನ ಶೆವ್ರೆಲ್ ಮಧುಮೇಹಿಯ ಮೂತ್ರದಲ್ಲಿರುವುದು ಕಬ್ಬಿನ ಸಕ್ಕರೆಯಲ್ಲ, ದ್ರಾಕ್ಷಿಯ ಸಕ್ಕರೆ, ಅಂದರೆ ನಾವು ಇಂದು ಗ್ಲೂಕೋಸ್ ಎನ್ನುವ ವಸ್ತು ಎಂದು ತೋರಿಸಿದರು. ಅಡುಗೆಮನೆ ತಿಳಿಯಬೇಕಾದ ಸಂಗತಿ ಇನ್ನೂರು ವರ್ಷಗಳ ಹಿಂದೆಯೇ ಪ್ರಯೋಗಶಾಲೆಗೆ ತಿಳಿದಿತ್ತು.

ಸಂಗತಿ ಇಷ್ಟು. ನಾವು ಕಾಫಿಗೆ ಹಾಕುವ ಸಕ್ಕರೆಯಲ್ಲಿ ಅರ್ಧ ಭಾಗ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್ ಎಂಬ ಬೇರೊಂದು ಸಕ್ಕರೆ. ಅನ್ನದಲ್ಲಿರುವ ಪಿಷ್ಟವಾದರೋ ಪೂರ್ತಿಯಾಗಿ ಗ್ಲೂಕೋಸಿನಿಂದಲೇ ಕಟ್ಟಿದ ಮಾಲೆ. ಆರೋಗ್ಯವಂತರ ಸುಮಾರು 5 ಲೀಟರ್ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಒಟ್ಟು ಗ್ಲೂಕೋಸ್ ಕೇವಲ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. 150 ಗ್ರಾಂ ಅನ್ನದಲ್ಲಿರುವ ಪಿಷ್ಟವೋ ಸುಮಾರು 40 ಗ್ರಾಂ. ಅಷ್ಟೂ ಗ್ಲೂಕೋಸ್ ಆ ಒಂದು ಚಮಚದ ಜಾಗವನ್ನು ಹಾಯ್ದೇ ಜೀವಕೋಶಗಳಿಗೆ ಸೇರಬೇಕು. ಅದನ್ನು ಕೂಡಲೇ ಸಾಗಿಸುವ ಇನ್ಸುಲಿನ್ ಮಧುಮೇಹಿಯಲ್ಲಿ ಸಾಲದು, ಇಲ್ಲವೇ ಇದ್ದರೂ ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ಎಷ್ಟು ಬಡಿಸಿದೆವು ಎಂಬುದರಷ್ಟೇ, ಅದು ಎಷ್ಟು ಬೇಗ ರಕ್ತಕ್ಕೆ ಇಳಿಯುತ್ತದೆ ಎಂಬುದೂ ಮುಖ್ಯ. ನಮ್ಮ ಊರಿನ ರಾಜಕಾಲುವೆಗಳನ್ನೇ ನೋಡಿ: ರಾತ್ರಿಯಿಡೀ ಜಿನುಗಿದ ಮಳೆಯನ್ನು ತಾಳಿಕೊಳ್ಳುವ ಕಾಲುವೆ, ಅದೇ ಮಳೆ ಅರ್ಧ ಗಂಟೆಯಲ್ಲಿ ಸುರಿದರೆ ಉಕ್ಕಿ ಮನೆಗಳಿಗೆ ನುಗ್ಗುತ್ತದೆ. ಈ ವೇಗವನ್ನು ಅಳೆಯಲು 1981ರಲ್ಲಿ ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಗ್ಲೈಸೆಮಿಕ್ ಸೂಚ್ಯಂಕವನ್ನು ರೂಪಿಸಿದರು. ಗ್ಲೂಕೋಸನ್ನು 100 ಎಂದಿಟ್ಟುಕೊಂಡರೆ ಸಕ್ಕರೆ ಸುಮಾರು 65. ಬಿಳಿ ಅನ್ನ, ಅಕ್ಕಿಯ ತಳಿಗೆ ತಕ್ಕ ವ್ಯತ್ಯಾಸದೊಡನೆ, ಸುಮಾರು 73. ಬೇಯಿಸಿದ ಕಾಬೂಲಿ ಕಡಲೆ 30ರ ಆಸುಪಾಸು.

ಕಡಲೆಯಲ್ಲಿಯೂ ಪಿಷ್ಟವಿದೆಯಲ್ಲ, ಅದಕ್ಕೇಕೆ ಈ ಮರ್ಯಾದೆ ಎಂದರೆ, ಅಲ್ಲಿ ಪಿಷ್ಟ ಬೀಗದೊಳಗಿದೆ. ಕಾಳಿನ ಒಂದೊಂದು ಜೀವಕೋಶವೂ ನಾರಿನ ಗೋಡೆ ಕಟ್ಟಿದ ಸಣ್ಣ ಕಣಜ. ಉಸಲಿಗೆ ಬೇಯಿಸಿದ ಮೇಲೂ ಆ ಗೋಡೆಗಳು ಬಹುಮಟ್ಟಿಗೆ ಉಳಿದಿರುತ್ತವೆ, ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಕಿಣ್ವ ಒಳಗೆ ಹೋಗಲು ಹೆಣಗಬೇಕಾಗುತ್ತದೆ. ಇದಲ್ಲದೆ ಪಿಷ್ಟದಲ್ಲಿಯೇ ಎರಡು ಬಗೆಗಳಿವೆ. ಅಮೈಲೋಸ್ ಎನ್ನುವುದು ಒಂದೇ ಎಳೆಯ, ಒತ್ತಾಗಿ ಸುತ್ತಿಟ್ಟ ಮಲ್ಲಿಗೆಯ ದಿಂಡು. ಅಮೈಲೋಪೆಕ್ಟಿನ್ ರೆಂಬೆಕೊಂಬೆ ಒಡೆದ ಹುಣಸೆಮರ, ಅದರ ನೂರಾರು ತುದಿಗಳಲ್ಲಿ ಏಕಕಾಲಕ್ಕೆ ಕತ್ತರಿ ಆಡಬಹುದು. ಕಾಳುಗಳಲ್ಲಿ ಮೊದಲನೆಯದರ ಪಾಲು ಹೆಚ್ಚು. ಕೋಸಂಬರಿಯಂತೂ ನನಗೆ ಬಹಳ ಅಚ್ಚುಮೆಚ್ಚು: ಹೆಸರುಬೇಳೆಯನ್ನು ನೆನೆಸುತ್ತೇವೆಯೇ ಹೊರತು ಬೇಯಿಸುವುದಿಲ್ಲವಾದ್ದರಿಂದ ಅದರ ಪಿಷ್ಟದ ಹರಳುಗಳು ಮೊಗ್ಗಿನಂತೆ ಮುಚ್ಚಿಕೊಂಡೇ ಇರುತ್ತವೆ. ನೀರಿನಲ್ಲಿ ಕುದಿದಾಗ ಆ ಮೊಗ್ಗು ಉಬ್ಬಿ ಬಿರಿದು ಅಂಟಾಗುತ್ತದೆ, ಕಿಣ್ವಕ್ಕೆ ಬಾಗಿಲು ತೆರೆಯುತ್ತದೆ. ಧಾನ್ಯವನ್ನು ನುಣ್ಣಗೆ ಬೀಸಿ, ನೀರಾಗಿ ಕುದಿಸಿ ಕುಡಿದರೆ ಗೋಡೆಯೂ ಇಲ್ಲ, ಬೀಗವೂ ಇಲ್ಲ.

ರಾಗಿಯ ವಿಷಯವನ್ನು ಇಲ್ಲಿಯೇ ಹೇಳಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳ, ನಾರು ಪಾಲಿಶ್ ಮಾಡಿದ ಅಕ್ಕಿಗಿಂತ ಬಹಳ ಹೆಚ್ಚು. ಆದರೆ ಅದರ ತೂಕದ ಸುಮಾರು ಮೂರರಲ್ಲಿ ಎರಡು ಭಾಗ ಕಾರ್ಬೋಹೈಡ್ರೇಟೇ, ಅಂದರೆ ಬಹುಮಟ್ಟಿಗೆ ಪಿಷ್ಟವೇ. ಸೊಪ್ಪಿನ ಸಾರಿನೊಡನೆ ಒಂದು ಸಣ್ಣ ಮುದ್ದೆ ಒಳ್ಳೆಯ ಊಟ, ಲೋಟ ತುಂಬ ರಾಗಿ ಮಾಲ್ಟ್ ಹಾಗಲ್ಲ. ಬೆಲ್ಲ, ಜೇನುತುಪ್ಪಗಳು ನೈಸರ್ಗಿಕವಾದ್ದರಿಂದ ತೊಂದರೆಯಿಲ್ಲ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ. ಷುಗರ್‌ಫ್ರೀ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ. ಹಾಗಲಕಾಯಿ ಗೊಜ್ಜು ತಿಂದರೆ ಮಾತ್ರೆ ಬೇಡ ಎಂದು ಅತಿಥಿಗೆ ಸಲಹೆ ಕೊಡುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಎಲೆಯ ಮೇಲೆ ಕೋಸಂಬರಿ, ಪಲ್ಯಗಳನ್ನು ಮೊದಲು ಬಡಿಸುವ ನಮ್ಮ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. 2015ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಒಂದು ಚಿಕ್ಕ ಅಧ್ಯಯನದಲ್ಲಿ, ಮಧುಮೇಹಿಗಳು ಅದೇ ಊಟದ ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದಾಗ ರಕ್ತದ ಗ್ಲೂಕೋಸ್ ಗಣನೀಯವಾಗಿ ಕಡಿಮೆ ಏರಿತು. ಆದ್ದರಿಂದ ಈಗ ಮಾವನವರಿಗೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಗಟ್ಟಿ ಮಜ್ಜಿಗೆಹುಳಿಗಳನ್ನು ಧಾರಾಳವಾಗಿ ಮೊದಲೇ ಬಡಿಸಿ, ಅನ್ನವನ್ನು ಒಂದು ಸಣ್ಣ ಬಟ್ಟಲಿನಷ್ಟು ಕೊನೆಗೆ ತರುತ್ತೇವೆ. ಸಂಜೆಗೆ ಕಡಲೆಕಾಳು ಉಸಲಿ ಅಥವಾ ಬೇಯಿಸಿದ ಕಡಲೆಕಾಯಿ, ಚಳಿಗಾಲವಾದರೆ ಅವರೆಕಾಳು, ಜ್ಯೂಸಿನ ಬದಲು ಹೋಳು ಮಾಡಿದ ಸೀಬೆಹಣ್ಣು.

ಆದರೆ ಅಡುಗೆಯಷ್ಟೇ ಎಚ್ಚರ ಹೊತ್ತಿನ ಬಗ್ಗೆಯೂ ಬೇಕು. ಇನ್ಸುಲಿನ್ ಚುಚ್ಚಿಕೊಳ್ಳುವವರು ಹಾಗೂ ಕೆಲವು ಬಗೆಯ ಮಾತ್ರೆ ನುಂಗುವವರು ಔಷಧ ತೆಗೆದುಕೊಂಡ ಮೇಲೆ ಊಟ ತಡವಾದರೆ, ರಕ್ತದ ಗ್ಲೂಕೋಸ್ 100 ಮಿಲಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ, ಮಂಕು ಕವಿಯಬಹುದು. ಪೂಜೆ ಮುಗಿಯದೆ ಎಲೆ ಹಾಕುವುದಿಲ್ಲ ಎಂದು ಅವರನ್ನು ಮೂರು ಗಂಟೆಯವರೆಗೆ ಕೂರಿಸುವುದು ತಪ್ಪು. ಗ್ಲೂಕೋಸ್ ಹಾಗೆ ಕೆಳಗಿಳಿದ ಹೊತ್ತಿನಲ್ಲಿ ಬೇಕಾದದ್ದು ವೇಗವಾಗಿ ಏರುವ ಸುಮಾರು 15 ಗ್ರಾಂ ಗ್ಲೂಕೋಸ್. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಅಕಾರ್ಬೋಸ್ ಎಂಬ ಮಾತ್ರೆಯನ್ನೂ ತೆಗೆದುಕೊಳ್ಳುವವರಿಗೆ ಸಕ್ಕರೆ ನೀರು ಬೇಗ ಫಲ ಕೊಡದು, ಏಕೆಂದರೆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆಯುತ್ತದೆ. ಗ್ಲೂಕೋಸ್ ಪುಡಿಯೇ ಬೇಕು. ನಮ್ಮ ಮನೆಯಲ್ಲಿ ಅದರ ಡಬ್ಬಿ ಈಗ ಊಟದ ಮೇಜಿನ ಮೇಲೆಯೇ ಇರುತ್ತದೆ. ಮಾವನವರು ಸಿಲ್ಕ್ ಬೋರ್ಡ್ ದಾಟಿದಾಗ ಫೋನ್ ಮಾಡುತ್ತಾರೆ, ನಾವು ಕುಕ್ಕರ್ ಇಡುತ್ತೇವೆ, ಎಲೆಯ ಮೇಲೆ ಕೋಸಂಬರಿ ಬಿದ್ದಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಅವರು ಇನ್ಸುಲಿನ್ ಪೆನ್ನನ್ನು ಚೀಲದಿಂದ ಹೊರತೆಗೆಯುತ್ತಾರೆ.